ಎಂಟೋ, ಹತ್ತೋ?

ಉತ್ಕೃಷ್ಟ ದುರ್ಬೀನನ್ನು ಕೊಳ್ಳಹೊರಟಿರುವ ವನ್ಯಪ್ರಿಯರೇ,
8×42 ಲೇಸೋ, 10×42 ಲೇಸೋ?

ಮೊದಲನೆಯ ಅಂಕಿ ವರ್ಧನಶಕ್ತಿ;
ಎರಡನೆಯದು ಮುಂಗಾಜಿನ ವ್ಯಾಸ, ಮಿಲಿಮೀಟರುಗಳಲ್ಲಿ.

ವರ್ಧನೆ ಏರಿದಂತೆಲ್ಲ ದೃಶ್ಯವು ಸಮೀಪಿಸುವುದು ನಿಜವಾದರೂ,
ಕೈಯ ಕಂಪನವೂ ಅದರೊಡನೆ ಹಿಗ್ಗಿ,
ಕಿಟಕಿಯ ಕದವನ್ನು ತುಸು ಮುಚ್ಚಿದಂತೆ
ನೋಟದ ಹರವು ಕುಗ್ಗುವುದು.

ಉದಾಹರಣೆಗೆ, ಸ್ವರೋವ್‌ಸ್ಕಿ ಕಂಪನಿಯ ಎನ್‌ಎಲ್ ಪ್ಯೂರ್ ದುರ್ಬೀನುಗಳಲ್ಲಿ,
ಸಾವಿರ ಮೀಟರು ದೂರಕ್ಕೆ,
ಎಂಟರದು ತೋರುವ ಅಗಲ 159 ಮೀಟರು;
ಹತ್ತರದು 133.

ಇನ್ನು, ನಾಗರಹೊಳೆಯ ಮುಂಜಾವಿನ ಮಬ್ಬಿನಲ್ಲಿ,
ಬಿದಿರಮೆಳೆಯೊಳಗೆ ಸರಿಯುವ ಚಿರತೆಯ ಚುಕ್ಕೆಗಳನ್ನು ಅರಸುವ ಕಣ್ಣಿಗೆ,
ಎಂಟರಿಂದ ಬಂದು ಸೇರುವ ಬೆಳಕಿನ ವೃತ್ತ 5.25 ಮಿಲಿಮೀಟರು;
ಹತ್ತರಿಂದ 4.2 ಮಾತ್ರ.

ಆದುದರಿಂದ, ದಟ್ಟಡವಿಗೆ ಎಂಟನ್ನೂ,
ಕಬಿನಿ ಹಿನ್ನೀರಿನ ವಿಶಾಲ ಬಯಲಿಗೆ ಹತ್ತನ್ನೂ ಆರಿಸಿರಿ.
ಒಂದನ್ನೇ ಕೊಳ್ಳುವವರಿಗೆ ಎಂಟೇ ಶ್ರೇಯಸ್ಕರ.