‘ದೊಡ್ಡಜ್ಜಿನ ಕೇಳಿದ್ಯಾ, ತಾತ?’

ನಮ್ಮಕ್ಕನಿಗೆ ಈಗ 81 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಭಾವನವರು ತೀರಿಕೊಂಡ ಮೇಲೆ ಅರಸೀಕೆರೆಯ ಹಳೆಯ ಹೆಂಚಿನ ಮನೆಯಲ್ಲಿ ಹನ್ನೊಂದು ವರ್ಷ ಒಬ್ಬಳೇ ಇದ್ದಳು. ಕಳೆದ ವರ್ಷ ಆಷಾಢದಲ್ಲಿ ಒಂದು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಳು. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಬೆಳಿಗ್ಗೆ ಹಾಲಿನವನು ಕೂಗಿ ಕೂಗಿ ಸಾಕಾಗಿ ಪಕ್ಕದ ಮನೆಯವರನ್ನು ಕರೆದ. ಅವರು ಹೆಂಚು ತೆಗೆದು ಒಳಗೆ ಇಳಿದಾಗ ಅಕ್ಕ ತಣ್ಣನೆಯ ನೆಲದ ಮೇಲೆ ಏಳು ಗಂಟೆ ಕಳೆದಿದ್ದಳು.

ಸೊಂಟದ ಮೂಳೆಗೆ ಆಪರೇಷನ್ ಆಯಿತು. ಮೈಸೂರಿನ ನಮ್ಮ ಮನೆಗೇ ಕರೆತಂದೆ. ಆದರೆ ನಾವಿರುವುದು ಮೊದಲ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು. ನನಗೆ 74, ನನ್ನ ಹೆಂಡತಿಗೆ ಮಂಡಿನೋವು. ಅಕ್ಕನಿಗೆ ಸ್ನಾನಕ್ಕೆ ಕೈ ಹಿಡಿಯಲು ಒಬ್ಬರು ಬೇಕು, ರಾತ್ರಿ ಎದ್ದಾಗ ಒಬ್ಬರು ಬೇಕು. ಮಗನಿರುವುದು ಪುಣೆಯಲ್ಲಿ, ಹದಿಮೂರನೇ ಮಹಡಿ. ‘ಭಾಷೆ ಬಾರದ ಊರಲ್ಲಿ ಆಕಾಶದಲ್ಲಿ ನೇತಾಡಲಾರೆ’ ಎಂದು ಅಕ್ಕ ಖಂಡಿತವಾಗಿ ಹೇಳಿಬಿಟ್ಟಳು.

ಮಕ್ಕಳಿಗಾಗಿ ಇಲ್ಲೊಂದು ಮಾತು. ವೃದ್ಧಾಶ್ರಮವೆಂದರೆ ಎಲ್ಲವೂ ಒಂದೇ ಅಲ್ಲ. ಯಾರೂ ಇಲ್ಲದವರಿಗೆ ದಾನಿಗಳ ಅಥವಾ ಸರ್ಕಾರದ ನೆರವಿನಿಂದ ನಡೆಯುವವು ಕೆಲವು. ಗಟ್ಟಿಮುಟ್ಟಾಗಿರುವ ಹಿರಿಯರು ತಮ್ಮದೇ ಫ್ಲ್ಯಾಟಿನಲ್ಲಿ ಇರುವಂಥವು ಕೆಲವು. ಇವೆರಡರ ನಡುವೆ ಇನ್ನೊಂದು ಬಗೆ ಇದೆ: ಕೋಣೆ, ಊಟ, ಜೊತೆಗೆ ಸ್ನಾನಕ್ಕೆ, ಬಟ್ಟೆಗೆ, ಮಾತ್ರೆಗೆ ನೆರವು. ಅಸಿಸ್ಟೆಡ್ ಲಿವಿಂಗ್ ಅನ್ನುತ್ತಾರೆ. ಅದು ಆಸ್ಪತ್ರೆಯಲ್ಲ, ಹಾಸಿಗೆ ಹಿಡಿದವರನ್ನು ಎಲ್ಲ ಕಡೆಯೂ ಇಟ್ಟುಕೊಳ್ಳುವುದಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಈ ಬಗೆಯದು.

36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು, ಆರು ಸಂಸ್ಥೆಗಳ ಬಾಡಿಗೆ, ಠೇವಣಿ, ನಮ್ಮ ಮನೆಯಿಂದ ದೂರ, ಎಲ್ಲ ಬರೆದು ಲೆಕ್ಕ ಹಾಕಿದೆ. ಒಂದು ಕಡೆ ಎಲ್ಲವೂ ಸರಿಹೊಂದಿತು. ‘ಇವತ್ತೇ ಬುಕ್ ಮಾಡದಿದ್ದರೆ ಕೋಣೆ ಹೋಗುತ್ತೆ ಸಾರ್’ ಎಂದರು. 25,000 ರೂಪಾಯಿ ಮುಂಗಡ ಕಟ್ಟಿ, ಗೆದ್ದವನಂತೆ ಮನೆಗೆ ಬಂದೆ.

ಆರನೇ ತರಗತಿಯ ಮೊಮ್ಮಗಳು ಹಾಳೆಯನ್ನು ನೋಡಿ, ‘ದೊಡ್ಡಜ್ಜಿನ ಕೇಳಿದ್ಯಾ, ತಾತ?’ ಅಂದಳು.

ಕೇಳಿರಲಿಲ್ಲ. ಒಳಗಿನ ಕೋಣೆಯಲ್ಲೇ ಇದ್ದ ಅಕ್ಕನಿಗೆ ಅದು ಕೇಳಿಸಿತು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ ಕಾಫಿ ಲೋಟ ಕೆಳಗಿಟ್ಟು, ‘ಏನೋ, ನನ್ನನ್ನೂ ಫಿಕ್ಸೆಡ್ ಡಿಪಾಸಿಟ್ ಇಡೋಕೆ ಹೊರಟ್ಯಾ?’ ಎಂದಳು. ನಾನು ತಲೆ ತಗ್ಗಿಸಿದೆ. ಮುಂಗಡ ವಾಪಸ್ ಕೇಳಲು ಹೋದರೆ, ರಸೀದಿಯ ಹಿಂಭಾಗದಲ್ಲಿ ಹಿಂತಿರುಗಿಸುವುದಿಲ್ಲ ಎಂದು ಸಣ್ಣಕ್ಷರದಲ್ಲಿತ್ತು. ಸಾವಿರಾರು ಗ್ರಾಹಕರಿಗೆ ಓದಿ ಸಹಿ ಮಾಡಿ ಎಂದು ಹೇಳಿದ ಬಾಯಿ ಇದು!

ಆಮೇಲೆ ಅಕ್ಕನನ್ನು ಕೂರಿಸಿಕೊಂಡೇ ಹೊರಟೆವು. ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು.

ಮೊದಲನೆಯದು ಹೋಟೆಲಿನಂತೆ ಥಳಥಳ. ಹಾಸಿಗೆಯ ಹತ್ತಿರ ಕರೆಗಂಟೆ ಇದೆ ಎಂದರು. ಮೊಮ್ಮಗಳು ಕೇಳದೇ ಹಾಸಿಗೆಯ ಮೇಲೆ ಮಲಗಿ ಕೈ ಚಾಚಿದಳು, ಗುಂಡಿ ಎಟುಕಲಿಲ್ಲ. ಎದ್ದು ಒತ್ತಿದಳು. ನನ್ನ ಗಡಿಯಾರದಲ್ಲಿ ಹನ್ನೊಂದು ನಿಮಿಷ, ಯಾರೂ ಬರಲಿಲ್ಲ. ಎರಡನೆಯ ಕಡೆ ಊಟ ರುಚಿಯಾಗಿತ್ತು, ಅಕ್ಕ ಸಾರನ್ನು ಎರಡನೇ ಸಲ ಹಾಕಿಸಿಕೊಂಡಳು. ಆದರೆ ಒಪ್ಪಂದದಲ್ಲಿ, ಆಸ್ಪತ್ರೆ ಸೇರಿ ಹದಿನೈದು ದಿನ ದಾಟಿದರೆ ಕೋಣೆ ಬೇರೆಯವರಿಗೆ ಎಂದಿತ್ತು. ಆ ಸಲ ಹಿಂಭಾಗವನ್ನೂ ಓದಿದೆ, ನೋಡಿ.

ಮೂರನೆಯದಕ್ಕೆ ಹೇಳದೇ ಕೇಳದೇ ಸಂಜೆ ನಾಲ್ಕಕ್ಕೆ ಹೋದೆವು. ಹೀಗೆ ಹೋಗುವುದೇ ಒಳ್ಳೆಯದು, ಮೊದಲೇ ತಿಳಿಸಿದರೆ ಹೂದಾನಿ ಇಟ್ಟಿರುತ್ತಾರೆ. ಹಳೆಯ ಕಾಲದ ಮನೆ, ಕೆಂಪು ಗಾರೆ ನೆಲ. ಬಚ್ಚಲಿಗೆ ಹೊಸ್ತಿಲಿಲ್ಲ, ಗೋಡೆಗೆ ಹಿಡಿಕಂಬಿ ಇದೆ, ನೆಲ ಒರಟು. ಅಲ್ಲಿದ್ದ ಹಿರಿಯರ ಉಗುರು ನೋಡಿದೆ, ಕತ್ತರಿಸಿತ್ತು. ಮೂತ್ರದ ವಾಸನೆ ಇರಲಿಲ್ಲ. ಹದಿನೆಂಟು ಜನಕ್ಕೆ ರಾತ್ರಿ ಇಬ್ಬರು ಸಹಾಯಕಿಯರು, ಇಬ್ಬರೂ ಎಚ್ಚರವಾಗಿರುವವರು. ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಕರೆದೊಯ್ಯುತ್ತೀರಿ ಎಂದು ಕೇಳಿದೆ. ತಡವರಿಸದೆ ಹೇಳಿದರು.

ಅಕ್ಕ ಕೇಳಿದ್ದು ಒಂದೇ. ‘ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇನಮ್ಮ?’

ನನಗೆ ಹೆಂಚು ತೆಗೆದ ಬೆಳಗು ನೆನಪಾಯಿತು. ಇಷ್ಟಾದ ಮೇಲೂ ಚಿಲಕವೇ! ಆದರೆ ಮೇಲ್ವಿಚಾರಕಿ ನಗಲಿಲ್ಲ. ‘ಚಿಲಕ ಇಲ್ಲ ಅಮ್ಮ, ಬೀಗ ಇದೆ. ನೀವು ಒಳಗಿನಿಂದ ಹಾಕಿಕೊಳ್ಳಬಹುದು, ತುರ್ತಿದ್ದರೆ ನಾವು ಹೊರಗಿನಿಂದ ತೆಗೆಯಬಹುದು. ಬಡಿಯದೆ ಯಾರೂ ಒಳಗೆ ಬರುವುದಿಲ್ಲ’ ಎಂದರು. ಅಕ್ಕ ಬೀಗವನ್ನು ನಾಲ್ಕು ಸಲ ತಿರುಗಿಸಿ ನೋಡಿದಳು.

ಹಣದ ವಿಷಯ ನನ್ನ ಇಲಾಖೆ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಬಿಟ್ಟು ಹೋದರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್, ಡಯಾಪರ್, ಔಷಧಿ, ಪ್ರತ್ಯೇಕ ದಾದಿ ಇವುಗಳ ಖರ್ಚು ಯಾರದು, ಇದೆಲ್ಲ ಕಾಗದದ ಮೇಲೆ ಬರೆಸಿಕೊಂಡೆ. ಅಕ್ಕನ ಎಟಿಎಂ ಕಾರ್ಡು, ಪಿನ್ ಅಲ್ಲಿನ ಯಾರ ಕೈಗೂ ಇಲ್ಲ. ಪಿಂಚಣಿದಾರರು ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ, 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿ ಪಡೆಯಿರಿ.

ಅರಸೀಕೆರೆ ಮನೆಯನ್ನು ಮಗನ ಹೆಸರಿಗೆ ಬರೆದುಬಿಡುತ್ತೇನೆ ಎಂದು ಅಕ್ಕ ಹೊರಟಿದ್ದಳು. ಸೋದರಳಿಯ ಒಳ್ಳೆಯವನೇ, ಆದರೂ ಬೇಡವೆಂದೆ. ಬರೆಯುವುದೇ ಆದರೆ, ನೋಡಿಕೊಳ್ಳಬೇಕೆಂಬ ಷರತ್ತು ದಾನಪತ್ರದಲ್ಲೇ ಇರಲಿ. ಆಗ ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ನ್ಯಾಯಮಂಡಳಿಗೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಿಕೊಳ್ಳಬಹುದು. ಹಿರಿಯರ ಸಹಾಯವಾಣಿ 14567 ಅನ್ನು ಮೊಮ್ಮಗಳು ಅಕ್ಕನ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಸೇರಿಸಿದಳು.

ಮೊದಲು ಒಂದು ತಿಂಗಳು ಇದ್ದು ನೋಡುವುದೆಂದು ಮಾತಾಯಿತು. ಒಂಬತ್ತನೆಯ ರಾತ್ರಿ ಅಕ್ಕ ಫೋನು ಮಾಡಿ ಅತ್ತಳು. ‘ಬೆಳಿಗ್ಗೆ ಬಂದು ಕರ್ಕೊಂಡು ಹೋಗ್ತೀನಿ ಅಕ್ಕ’ ಎಂದೆ. ‘ಅಳೋಕೂ ಬಿಡಲ್ವೇನೋ ನೀನು?’ ಎಂದು ಗದರಿಸಿ ಫೋನು ಇಟ್ಟಳು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದರೆ, ಅಂಗಳದಲ್ಲಿ ಕೂತು ಇನ್ನೊಬ್ಬ ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ, ‘ತಿಂಡಿ ಆಯ್ತಾ?’ ಎಂದಳು, ಅಷ್ಟೇ.

ತಿಂಗಳು ಮುಗಿದ ದಿನ ಸೇರ್ಪಡೆಯ ಅರ್ಜಿಯನ್ನು ನಾನೇ ತುಂಬಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದಳು. ‘ಸೇರಿಸುವವರ ಹೆಸರು’ ಎಂಬಲ್ಲಿ ನಾನು ಬರೆದಿದ್ದ ನನ್ನ ಹೆಸರನ್ನು, ಶಾಲೆಯಲ್ಲಿ ತಪ್ಪು ತಿದ್ದುತ್ತಿದ್ದ ಹಾಗೆ, ಒಂದೇ ಗೆರೆಯಲ್ಲಿ ಹೊಡೆದು ಹಾಕಿ ತನ್ನ ಹೆಸರು ಬರೆದಳು.