ಎರವಲು ವಿದ್ಯುತ್ತಿಗೆ ಎಂತಹ ತಂತಿ?

ಬ್ಯಾಟರಿ ಬರಿದಾಗಿ ಮಿಸುಕದೆ ನಿಂತ ಕಾರನ್ನು ಮತ್ತೊಂದು ಕಾರಿನ ಬ್ಯಾಟರಿಯಿಂದ ವಿದ್ಯುತ್ತನ್ನು ಎರವಲು ಪಡೆದು ಹೊರಡಿಸಬಹುದೆಂಬುದು ವಾಚಕರಿಗೆ ತಿಳಿದ ವಿಷಯವೇ. ಬಸವನಗುಡಿ, ಚಾಮರಾಜಪೇಟೆಗಳ ಮರದ ನೆರಳಿನಲ್ಲಿ ವಾರಗಟ್ಟಲೆ ನಿಂತೇ ಇರುವ ಕಾರುಗಳಿಗೆ ಈ ಎರವಲು ಆಗಾಗ ಬೇಕಾಗುವುದೂ ಉಂಟು. ಅದಕ್ಕೆ ಬೇಕಾದ ಜೋಡಿ ತಂತಿಗಳನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದು. ಆದರೆ ಮನೆಯ ಮೂಲೆಯಲ್ಲಿ ಉಳಿದಿರುವ ದೀಪದ ತಂತಿ ಇದಕ್ಕೇಕೆ ಸಲ್ಲದು? ಗೋಡೆಯೊಳಗೆ 230 ವೋಲ್ಟುಗಳನ್ನು ಹೊತ್ತೂ ತಣ್ಣಗಿರುವ ತಂತಿ ಬರಿಯ 12 ವೋಲ್ಟಿಗೆ ಸುಟ್ಟುಹೋಗುವುದೇ?

ಹೋಗುತ್ತದೆ. ವೋಲ್ಟೇಜಿನ ಚಿಂತೆ ತಂತಿಯ ಹೊದಿಕೆಯದು. ಒಳಗಿನ ಲೋಹವನ್ನು ಕಾಯಿಸುವುದು ಅದರಲ್ಲಿ ಹರಿಯುವ ಪ್ರವಾಹ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತನ್ನು ತಂದವರು ಹತ್ತಾರು ಸಾವಿರ ವೋಲ್ಟುಗಳಿಗೆ ಮೊರೆಹೋದುದು ಇದಕ್ಕಾಗಿಯೇ. ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಅಲ್ಪ ಪ್ರವಾಹ ಸಾಕು, ದಾರಿಯಲ್ಲಿ ಪೋಲಾಗುವುದೂ ಕಡಮೆ. ಕಾರಿನಲ್ಲಿ ಈ ಸೌಕರ್ಯವಿಲ್ಲ. ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು 150 ಆಂಪಿಯರುಗಳಷ್ಟು ಪ್ರವಾಹವನ್ನು ಬೇಡಬಹುದು. ಡೀಸೆಲ್ ಗಾಡಿಯಾದರೆ ಇನ್ನೂ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ತಲಾ 3 ಮೀಟರಿನ ಎರಡು ತಂತಿಗಳೆಂದರೆ ಪ್ರವಾಹ ಹೋಗಿಬರುವ ದಾರಿ 6 ಮೀಟರು. ಅಡ್ಡಕೊಯ್ತ 2.5 ಚದರ ಮಿಲಿಮೀಟರು ಇರುವ ತಾಮ್ರದ ತಂತಿಯಾದರೆ ಇದರ ರೋಧ ಸುಮಾರು 0.041 ಓಮ್. 150 ಆಂಪಿಯರು ಹರಿಯಬೇಕಾದರೆ ತಂತಿಯೊಂದೇ 6 ವೋಲ್ಟುಗಳನ್ನು ನುಂಗಬೇಕು; ಮೋಟಾರಿಗೆ ಉಳಿಯುವುದು ಅರ್ಧ. ಆದುದರಿಂದ ಅಷ್ಟು ಪ್ರವಾಹ ಹರಿಯುವುದೇ ಇಲ್ಲ, ಎಂಜಿನು ಏಳುವುದೂ ಇಲ್ಲ. ಹರಿದದ್ದು 100 ಆಂಪಿಯರೇ ಎಂದಿಟ್ಟುಕೊಂಡರೂ, ಹತ್ತು ಸೆಕೆಂಡುಗಳಲ್ಲಿ ತಾಮ್ರದ ಉಷ್ಣತೆ ಸುಮಾರು 80 ಡಿಗ್ರಿಗಳಷ್ಟು ಏರುತ್ತದೆ. ಸಾಧಾರಣ ಪಿ.ವಿ.ಸಿ. ಹೊದಿಕೆಗೆ ವಿಧಿಸಿರುವ ಮಿತಿ 70 ಡಿಗ್ರಿ ಸೆಲ್ಸಿಯಸ್! ಅದೇ 16 ಚದರ ಮಿಲಿಮೀಟರಿನ ತಂತಿಯಲ್ಲಿ ಏರಿಕೆ ಎರಡೇ ಡಿಗ್ರಿ. ರೋಧವೂ ಇಳಿಯಿತು, ಶಾಖವನ್ನು ಹಂಚಿಕೊಳ್ಳುವ ಲೋಹವೂ ಹೆಚ್ಚಿತು. ಲಾಭ ಎರಡು ಕಡೆಯಿಂದ. 150 ಆಂಪಿಯರಿಗೆ ಇದು ನುಂಗುವುದು ಒಂದು ವೋಲ್ಟು ಮಾತ್ರ.

ನಮ್ಮ ಅಭಿಪ್ರಾಯದಲ್ಲಿ ಬೆಂಗಳೂರಿನ ಹವೆಗೆ, ಸಣ್ಣ ಪೆಟ್ರೋಲ್ ಕಾರಿಗೆ, ಇಷ್ಟು ಸಾಕು. ಆದರೆ ಮಲ್ಲೇಶ್ವರದ ಕಿರಿದಾದ ಅಡ್ಡರಸ್ತೆಗಳಲ್ಲಿ ಎರಡು ಕಾರುಗಳನ್ನು ಮುಖಾಮುಖಿಯಾಗಿ ನಿಲ್ಲಿಸಲು ಎಡೆಯೆಲ್ಲಿ? 5 ಮೀಟರಿನ ತಂತಿ ಬೇಕೆನ್ನುವವರೂ ಡೀಸೆಲ್ ಗಾಡಿಯವರೂ 25 ಚದರ ಮಿಲಿಮೀಟರಿಗೆ ಇಳಿಯಬಾರದ ಲೋಭವನ್ನು ತೋರದೆ ಅದನ್ನೇ ಕೊಳ್ಳಬೇಕು.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವೆಲ್ಡಿಂಗ್ ಕೇಬಲ್ ಎಂದು ಕೇಳುವುದು ಮೇಲು. ನೂರಾರು ಸಣ್ಣ ಎಳೆಗಳಿಂದಾದುದರಿಂದ ಅದು ಸುಲಭವಾಗಿ ಬಾಗುತ್ತದೆ. ಹೊರಗಿನ ದಪ್ಪವನ್ನು ಮಾತ್ರ ನಂಬಬಾರದು; ಅದರಲ್ಲಿ ರಬ್ಬರೆಷ್ಟೋ ತಾಮ್ರವೆಷ್ಟೋ! ಒಂದು ಎಳೆಯನ್ನು ಪೆನ್ಸಿಲಿಗೆ ಒತ್ತಾಗಿ 20 ಸುತ್ತು ಸುತ್ತಿ ಅಳೆಯಿರಿ. 4 ಮಿಲಿಮೀಟರು ಬಂದರೆ ಎಳೆಯ ವ್ಯಾಸ 0.2 ಮಿಲಿಮೀಟರು, 16 ಚದರ ಮಿಲಿಮೀಟರಿಗೆ ಅಂತಹ ಸುಮಾರು 510 ಎಳೆಗಳಿರಬೇಕು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕುಂಟು. ಅದರ ರೋಧ ತಾಮ್ರದ ಒಂದೂವರೆ ಪಟ್ಟು. ಚಾಕುವಿನಿಂದ ಕೆರೆದರೆ ಬಿಳುಪು ಹೊರಬೀಳುವುದು. ಹೊದಿಕೆ ಸುಲಿದ ಒಂದು ಮೀಟರು ಶುದ್ಧ ತಾಮ್ರ, ಇದೇ ಅಳತೆಯದು, 140 ಗ್ರಾಮಿನಷ್ಟು ತೂಗಬೇಕು.

ತಂತಿ ಉತ್ತಮವಾಗಿದ್ದು ಕ್ಲಿಪ್ಪು ಸಡಿಲವಾಗಿದ್ದರೆ ಶ್ರಮವೆಲ್ಲ ವ್ಯರ್ಥ. 0.01 ಓಮ್ ರೋಧವುಳ್ಳ ಒಂದು ಕೆಟ್ಟ ಜೋಡಣೆ ಆ 6 ಮೀಟರು ತಂತಿಯ ರೋಧವನ್ನೇ ಮೀರಿಸುತ್ತದೆ. ತಂತಿಯ ತುದಿಗೆ ತಾಮ್ರದ ಲಗ್ಗನ್ನು ಒತ್ತಿಸಿ, ಕ್ಲಿಪ್ಪಿಗೆ ಬಿಗಿಯಾಗಿ ಕೂಡಿಸಬೇಕು.

ಬಳಸುವಾಗ, ಎರಡು ಬ್ಯಾಟರಿಗಳೂ 12 ವೋಲ್ಟಿನವೇ ಎಂಬುದನ್ನೂ ಕಾರಿನ ಕೈಪಿಡಿಯನ್ನೂ ಮೊದಲು ನೋಡಿಕೊಳ್ಳಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4 ಪಾಲಿದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಗಂಧಕಾಮ್ಲ ಕಣ್ಣಿಗೆ ಎರಚುವುದು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜವಾದುದರಿಂದ ಆ ಜೋಡಣೆ ಬ್ಯಾಟರಿಯಿಂದ ದೂರವಿರಬೇಕು. ಮೊದಲು ಬರಿದಾದ ಬ್ಯಾಟರಿಯ ಧನ ತುದಿ, ಆಮೇಲೆ ಒಳ್ಳೆಯದರ ಧನ ತುದಿ, ಬಳಿಕ ಒಳ್ಳೆಯದರ ಋಣ ತುದಿ, ಕಡೆಯಲ್ಲಿ ಕೆಟ್ಟುನಿಂತ ಕಾರಿನ ಎಂಜಿನಿನ ಬಣ್ಣವಿಲ್ಲದ ಲೋಹಭಾಗ. ಒಳ್ಳೆಯ ಕಾರನ್ನು ಕೆಲವು ನಿಮಿಷ ಓಡಿಸುತ್ತಿದ್ದರೆ ಬರಿದಾದ ಬ್ಯಾಟರಿಗೂ ತುಸು ಜೀವ ಬಂದು ತಂತಿಯ ಹೊರೆ ಇಳಿಯುವುದು. ಎಂಜಿನು ಎದ್ದ ಮೇಲೆ ತಂತಿಗಳನ್ನು ಇದೇ ಕ್ರಮವನ್ನು ತಿರುವುಮುರುವಾಗಿಸಿ ಬಿಚ್ಚತಕ್ಕದ್ದು.