ಬಣ್ಣಕ್ಕೆ ಮೊದಲು ಆಯಿಲ್ ಸೀಲ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಮನೆಯ ಶೆಡ್ಡಿನಲ್ಲೇ ಮತ್ತೆ ಓಡಿಸಲು ಹೊರಟವರು ಬಣ್ಣದ ಯೋಚನೆಗೆ ಮುಂಚೆ ಎಂಜಿನ್ ಬಿಚ್ಚಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಸಿಲಿಂಡರಿಗೆ ಏರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕ್‌ಕೇಸಿಗೆ ಗಾಳಿ ನುಗ್ಗದಂತೆ ತಡೆಯುವ ಆಯಿಲ್ ಸೀಲ್ ಗಡಸಾಗಿ ಬಿರುಕು ಬಿಟ್ಟರೆ ಹೊರಗಾಳಿ ಒಳನುಗ್ಗುತ್ತದೆ. ಪೆಟ್ರೋಲಿನ ಪಾಲೂ ಅದರೊಡನೆ ಬರುವ ಎಣ್ಣೆಯ ಪಾಲೂ ತಗ್ಗಿ, ಪಿಸ್ಟನ್ ಅತಿಯಾಗಿ ಕಾದು ಜಾಮ್ ಆಗಬಹುದು.

ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದಲ್ಲ, ಬಿಚ್ಚುವುದೇಕೆ ಎನ್ನುವವರಿದ್ದಾರೆ. ಬೀದಿಯ ತುದಿಯವರೆಗೆ ಓಡಿದ್ದು ಸಾಕ್ಷಿಯಾಗದು. ಇಂಥ ದೋಷ ಕೈಕೊಡುವುದು ದೂರದ ದಾರಿಯಲ್ಲಿ, ಎಂಜಿನ್ ಚೆನ್ನಾಗಿ ಕಾದ ಮೇಲೆ. ಇದು ಮನೆಯಲ್ಲಿ ಆಗುವ ಕೆಲಸವಲ್ಲ ಎಂಬ ಮಾತೂ ಅರ್ಧ ಮಾತ್ರ ನಿಜ: ಕ್ರ್ಯಾಂಕ್ ಕೂಡಿಸಲು, ಬೋರ್ ಮಾಡಿಸಲು ಲೇತ್ ಅಂಗಡಿಗೇ ಹೋಗಬೇಕು, ಉಳಿದ ಬಹುಪಾಲಿಗೆ ಸರಿಯಾದ ಪುಲ್ಲರ್ ಮತ್ತು ತಾಳ್ಮೆ ಸಾಕು. ಬಣ್ಣವನ್ನು ಮುಂದಿನ ವರ್ಷವೂ ಹೊಡೆಯಬಹುದು. ಮೊದಲು ಸೀಲ್ ಬದಲಿಸಿ.